ಸಾಕಮ್ಮನ ಹೆಸರಿನಲ್ಲಿದ್ದ ಫೈಲು

ಹಾರನಹಳ್ಳಿ
18 ಜೂನ್ 2024

ಮಗ ಸೌಂದರ್ಯ,

ನಿನ್ನಜ್ಜಿ ಬರೀತಾ ಇರೋದು. ಅಕ್ಷರ ಸೊಟ್ಟಗಿದೆ ಅಂತ ನಗಬೇಡ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಎಮ್ಮೆ ಕಾಯೋಕೆ ಹಾಕಿದ್ರು. ಎಮ್ಮೆಗೆ ಕಾಗದ ಬರೆಯೋ ಪ್ರಮೇಯ ಬರಲಿಲ್ಲ, ಕೈ ಕೆಟ್ಟೋಯ್ತು.

ಫೋನಲ್ಲಿ ಮಾತಾಡು ಅಂತೀಯ. ನಿಮ್ಮಪ್ಪ ತಂದು ಕಿವಿಗೆ ಹಿಡೀತಾನೆ. ಅದರೊಳಗೆ ದುಂಬಿ ಸೇರ್ಕೊಂಡಂಗೆ ಗುಂಯ್ ಅನ್ನುತ್ತೆ. ನಾನು 'ಊಂ, ಉಂಡೆ, ಊಂ' ಅಂತ ಹೇಳಿ ವಾಪಸ್ ಕೊಡ್ತೀನಿ. ಎದುರಿಗೆ ಕೂತು ಕೂಗಿದ್ರೆ ಏನೋ ಒಂಚೂರು ಕೇಳುತ್ತೆ. ಆ ಫೋನಿನ ಸವಾಸ ನಂಗೆ ಬೇಡ. ಹುಣಸೂರೇನು ದೇಶಾಂತರವಾ? ಆದ್ರೂ ನೀನು ರೂಮು ಮಾಡ್ಕೊಂಡು ಹೋದ ಮೇಲೆ ನನ್ನ ಹತ್ರ ಕೂಗೋರು ಯಾರೂ ಇಲ್ಲ. ಅದಕ್ಕೇ ಬರೀತಿದೀನಿ.

ಆಸ್ಪತ್ರೆ ಕೆಲಸ ಅಂದ್ರೆ ಸೂಜಿ ಚುಚ್ಚೋದು ಅಂದ್ಕೊಂಡಿದ್ದೆ. ನಿಮ್ಮಪ್ಪ ಹೇಳ್ತಾನೆ, ನೀನು ಕಂಪ್ಯೂಟರಿನ ಒಳಗಿರೋ ರೋಗಿಗಳ ಕಾಗದ ಕಾಯ್ತೀಯಂತೆ. ಕಾಗದಕ್ಕೆ ಯಾಕೆ ಕಾವಲು? ಹಂದಿ ಬಂದು ಮೇಯ್ತವಾ?

ಇನ್ನೊಂದು ವಿಷ್ಯ. ಹಿಂದಿನ ಬೀದಿ ರುದ್ರಸ್ವಾಮಿ ಬಂದಿದ್ದ. ಮಗಳಿಗೆ ಹನಗೋಡಿನ ಕಡೆ ಗಂಡು ನೋಡವ್ನೆ. ಹುಡುಗ ಹೋದ ವರ್ಷ ನಿಮ್ಮಾಸ್ಪತ್ರೆಲಿ ಮಲಗಿದ್ದನಂತೆ. ಏನು ಕಾಯಿಲೆ ಅಂತ ನೀನು ಒಂದು ಕಣ್ಣು ಹಾಯಿಸಿ ಹೇಳ್ಬೇಕಂತೆ. ಬಾಳೆಗೊನೆ ತಂದು ಇಟ್ಟು ಹೋಗವ್ನೆ. ಹೆಣ್ಣು ಕೊಡೋರು ವಿಚಾರಿಸದೆ ಕೊಡ್ತಾರಾ? ಬೇಗ ನೋಡಿ ಬರಿ.

ಬರೆದು ಬೆರಳು ನೋಯಿಸ್ಕೊಂಡ ನಿನ್ನಜ್ಜಿ,
ಸಾಕಮ್ಮ


ಹುಣಸೂರು
30 ಜೂನ್ 2024

ಅಜ್ಜಿ,

ಮೊದಲು ಆ ಗೊನೆ ವಾಪಸ್ ಕೊಡು. ತಿಂದಿದ್ರೆ ಬೇರೆ ತಂದು ಕೊಡು.

ನಿನ್ನ ಕಾಗದ ಓದಿ ತುಂಬ ನಕ್ಕೆ. ಆಮೇಲೆ ಇನ್ನೊಂದು ಸಲ ಓದಿ ತಲೆದಿಂಬಿನ ಕೆಳಗೆ ಇಟ್ಕೊಂಡೆ.

ನನ್ನ ಕೆಲಸ ಏನು ಅಂತ ಕೇಳಿದ್ದೀಯ. ಹೇಳ್ತೀನಿ. ಇಲ್ಲಿ ಡಾಕ್ಟರು, ನರ್ಸು, ಲ್ಯಾಬಿನವರು, ಬಿಲ್ಲಿನವರು, ಎಲ್ಲರ ಕಂಪ್ಯೂಟರೂ ಒಂದಕ್ಕೊಂದು ಸೇರಿಕೊಂಡಿವೆ, ನಮ್ಮ ಬೀದಿಯ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿಲ್ವಾ, ಹಾಗೆ. ಯಾವುದೋ ಒಂದು ಮನೆಯ ಬಾಗಿಲು ತೆಗೆದಿದ್ರೆ ಸಾಕು, ಗೊತ್ತಿರೋನು ಎಲ್ಲ ಮನೆಗೂ ನುಗ್ಗಬಹುದು. ಯಾರಿಗೆ ಯಾವ ಬಾಗಿಲು ತೆಗೆಯೋ ಅಧಿಕಾರ ಇದೆ ಅಂತ ನೋಡಿಕೊಳ್ಳೋದು ನಾನು. ಯಾರೇ ಒಂದು ಫೈಲು ತೆಗೆದ್ರೂ ಅವರ ಹೆಸರು, ಹೊತ್ತು ತಾನಾಗಿ ಬರೆದುಕೊಳ್ಳುತ್ತೆ. ಅದನ್ನ ಅಳಿಸೋಕೆ ನನಗೂ ಬರಲ್ಲ. ವಾರಕ್ಕೊಂದು ಸಲ ಆ ಪಟ್ಟಿ ತೆಗೆದು, ಕೆಲಸವಿಲ್ಲದೆ ಯಾರು ಯಾರ ಫೈಲಿಗೆ ಇಣುಕಿದ್ದಾರೆ ಅಂತ ಹುಡುಕ್ತೀನಿ.

ಒಬ್ಬೊಬ್ಬರಿಗೂ ಒಂದು ಗುಟ್ಟಿನ ಪದ ಇರುತ್ತೆ, ಪಾಸ್‌ವರ್ಡು. ಬೀಗದ ಕೈ ಅಂದ್ಕೋ. ಅದನ್ನ ಚೀಟಿಲಿ ಬರೆದು ಕಂಪ್ಯೂಟರಿನ ಮೂತಿಗೇ ಅಂಟಿಸಿರ್ತಾರೆ! ನಾನು ಸುತ್ತು ಹೋಗಿ ಕಿತ್ತು ಹರಿದು ಹಾಕ್ತೀನಿ. ಅದಕ್ಕೇ ನಾನು ಕ್ಯಾಂಟೀನಿಗೆ ಹೋದ್ರೆ ಅಲ್ಲಿ ಮಾತು ನಿಲ್ಲುತ್ತೆ. ಬೆನ್ನ ಹಿಂದೆ 'ಇನ್ಸ್‌ಪೆಕ್ಟ್ರು ಬಂದ್ರು' ಅಂತಾರೆ. ಟೀ ಒಬ್ಬಳೇ ಕುಡೀತೀನಿ. ಅಭ್ಯಾಸ ಆಗಿದೆ.

ರುದ್ರಸ್ವಾಮಿ ಮಾವನಿಗೆ ಹೇಳು, ಆಗಲ್ಲ ಅಂತ. ನಾಳೆ ನೀನೇ ಇಲ್ಲಿ ಬಂದು ಮಲಗಿದ್ರೂ ನಿನ್ನ ಫೈಲು ತೆಗೆಯೋ ಹಾಗಿಲ್ಲ ನಾನು.

ಟೀಗೆ ಜೊತೆಯಿಲ್ಲದ ನಿನ್ನ ಮೊಮ್ಮಗಳು,
ಸೌಂದರ್ಯ


ಹಾರನಹಳ್ಳಿ
22 ಜುಲೈ 2024

ಇನ್ಸ್‌ಪೆಕ್ಟ್ರೇ,

ಗೊನೆ ವಾಪಸ್ ಕೊಟ್ಟೆ. ಒಂದು ಚಿಪ್ಪು ಕಮ್ಮಿ ಇತ್ತು, ಅದು ನಿಮ್ಮವ್ವನ ಕೆಲಸ.

ರುದ್ರಸ್ವಾಮಿ ಬೀದಿಗೆಲ್ಲ ಕೇಳೋ ಹಂಗೆ ಕೂಗಿದ, "ಏನಮ್ಮೋ, ನಿನ್ನ ಮೊಮ್ಮಗಳು ಅರಮನೆ ಖಜಾನೆ ಕಾಯ್ತಾವ್ಳಾ?" ನಾನಂದೆ, "ಊಂ ಕಣ್ಲಾ, ನಿನ್ನ ಮೂಲವ್ಯಾಧಿ ಕಾಗದಾನೂ ಅದ್ರಲ್ಲೇ ಇರೋದು. ತೆಗೆಸಿ ಜಗಲಿ ಮೇಲೆ ಓದಿಸ್ಲಾ?" ಅವತ್ತಿಂದ ಅವನೂ ಇಲ್ಲ, ಅವನ ಹಿಂದೆ ಬರ್ತಿದ್ದ ನಾಕು ಜನಾನೂ ಇಲ್ಲ. ಈಗ ನನ್ನ ಜಗಲೀಲಿ ಕೋಳಿಗೆ ಒಳ್ಳೇ ಜಾಗ ಆಗಿದೆ.

ಹೊಗೆಸೊಪ್ಪು ಹದ ಮಾಡೋ ಬ್ಯಾರನ್ನಿಗೆ ಬೆಂಕಿ ಹಾಕವ್ರೆ. ನಿಮ್ಮಪ್ಪ ಹಗಲೂ ರಾತ್ರಿ ಅಲ್ಲೇ ಸೌದೆ ನೂಕ್ತಾ ಕೂತಿರ್ತಾನೆ. ಹಟ್ಟಿ ತುಂಬ ಕಡ್ಡಿಗೆ ಹೊಗೆಸೊಪ್ಪು ಕಟ್ಟೋ ಹೆಂಗಸರು. ಏನೇನೋ ಹೇಳ್ಕೊಂಡು ನಗ್ತಾರೆ. ನಂಗೆ ಬರೀ ಹಲ್ಲು ಕಾಣುತ್ತೆ. ನಾನೂ ಒಂದೊಂದು ಸಲ ನಗ್ತೀನಿ, ಸುಮ್ಮನಿದ್ರೆ ಗರ್ವ ಅಂತಾರೆ.

ಬಸವಮ್ಮ ಒಬ್ಬಳು ಬರ್ತಾಳೆ. ನಿನ್ನ ಸೊಂಟದ ಮೇಲೆ ಕೂರಿಸ್ಕೊಂಡು ಊರು ಸುತ್ತಿಸಿದೋಳು, ಮರೆತಿಲ್ಲ ತಾನೆ? ಅವಳ ಮೊಮ್ಮಗಳು ಚಿನ್ನುಗೆ ಪಿರಿಯಾಪಟ್ಟಣದಲ್ಲಿ ಗಂಡು ಗೊತ್ತಾಗಿದೆ. ಕಾರ್ತಿಕದಲ್ಲಿ ಮದುವೆ. ಮಗಳು ಸತ್ತ ಮೇಲೆ ಆ ಮಗೂನ ಬಸವಮ್ಮನೇ ಸಾಕಿದ್ದು.

ನಿನ್ನ ಕಾಗದ ಅವಳಿಗೆ ಓದಿ ಹೇಳಿದೆ. ಮತ್ತೆ ಓದು ಅಂದ್ಲು. ಆಮೇಲೆ ಒಂದು ಮಾತು ಕೇಳಿದ್ಲು. "ಕಂಪ್ಯೂಟ್ರು ಕಾಯೋಳು ಕಾಯ್ತಾಳೆ ಸರಿ. ಅಲ್ಲಿ ಚೀಟಿ ಬರೆಯೋಳು, ಕಸ ಗುಡ್ಸೋಳು ಎಲ್ಲಾ ನಮ್ಮ ಸುತ್ತಳ್ಳಿಯೋರೇ. 'ಇಂಥೋಳು, ಇಂಥ ಊರು, ಇಂಥ ಡಾಕ್ಟ್ರ ರೂಮಿಗೆ ಬಾ' ಅಂತ ಸಂತೇಲಿ ಕೂಗ್ದಂಗೆ ಕೂಗ್ತಾರಲ್ಲ, ಅದನ್ನ ಯಾರು ಕಾಯ್ತಾರೆ?"  ನಿಂಗೆ ಉತ್ತರ ಹೊಳೆದ್ರೆ ಬರಿ.

ಕೋಳಿಗಳ ಜೊತೆ ಕೂತಿರೋ,
ಸಾಕಮ್ಮ


ಹುಣಸೂರು
27 ಆಗಸ್ಟ್ 2024

ಅಜ್ಜಿ,

ಮೊನ್ನೆ ಭಾನುವಾರ ಬಂದು ನಿನ್ನ ಕೈ ಹಿಡಿದು ಕೂತಿದ್ದೆನಲ್ಲ, ಕೇಳೋಕೆ ಅಂತಲೇ ಬಂದಿದ್ದೆ. ಆದ್ರೆ ಹಟ್ಟಿ ತುಂಬ ಜನ. ನಿನಗೆ ಕೇಳಿಸಬೇಕಾದ್ರೆ ಕೂಗಬೇಕು, ಕೂಗಿದ್ರೆ ಊರಿಗೇ ಕೇಳುತ್ತೆ. ಹಾಗೇ ವಾಪಸ್ ಬಂದೆ.

ಯಾಕೆ ಹೇಳಲಿಲ್ಲ ನನಗೆ?

ಹೋದ ವಾರ ಪಟ್ಟಿ ನೋಡ್ತಿದ್ದೆ. ಅದರಲ್ಲಿ ಒಂದು ಸಾಲು. ಸಾಕಮ್ಮ, ಗಂಡ ಸಣ್ಣಬೀರಯ್ಯ, ಹಾರನಹಳ್ಳಿ. ತೆಗೆದಿದ್ದೋರು ಕ್ಯಾನ್ಸರ್ ಡಾಕ್ಟರು. ಪಟ್ಟಿ ನೋಡೋದು ನನ್ನ ಕೆಲಸ, ಫೈಲು ತೆಗೆಯೋದಲ್ಲ. ಗೊತ್ತಿದ್ದೂ ತೆಗೆದೆ. ಚೀಟಿ ಅಂಟಿಸಿದ್ದಕ್ಕೆ ನರ್ಸಮ್ಮಂದಿರನ್ನ ಅಳಿಸಿದವಳು ನಾನು. ನಾನೇ ತೆಗೆದು, ಕೊನೆವರೆಗೂ ಓದಿದೆ. ಎದೆಯಲ್ಲಿ ಗಂಟು. ಔಷಧಿ ಶುರುವಾಗಿದೆ. ರೋಗಿಗೆ ಎಲ್ಲ ತಿಳಿಸಿದೆ, ಮನೆಯವರಿಗೆ ಹೇಳಬಾರದು ಅಂತ ಅವರೇ ಕೇಳಿಕೊಂಡಿದ್ದಾರೆ ಅಂತಲೂ ಬರೆದಿದೆ.

ಮಾರನೇ ದಿನ ನಮ್ಮ ಮೇಲಿನವರು ಶಂಕರ್ ಸಾರ್ ಹತ್ರ ಹೋಗಿ ನಾನೇ ಹೇಳಿದೆ, ನಮ್ಮಜ್ಜಿ ಫೈಲು ತೆಗೆದೆ ಅಂತ. "ನೀವೇ ಹೀಗೆ ಮಾಡಿದ್ರೆ ಮಿಕ್ಕೋರಿಗೆ ಏನು ಹೇಳ್ಲಿ ಸೌಂದರ್ಯ?" ಅಂದ್ರು. ಸೆಪ್ಟೆಂಬರ್ ಹದಿನೇಳಕ್ಕೆ ವಿಚಾರಣೆ. ಅಲ್ಲೀವರೆಗೂ ಕೆಲಸಕ್ಕೆ ಬರಬೇಡಿ ಅಂದಿದ್ದಾರೆ. ರೋಗಿಯೇ ಬಂದು 'ನಾನೇ ನೋಡು ಅಂತ ಹೇಳಿದ್ದೆ' ಅಂದ್ರೆ ಎಚ್ಚರಿಕೆ ಕೊಟ್ಟು ಬಿಡ್ತಾರಂತೆ. ಇಲ್ಲದಿದ್ರೆ ಕೆಲಸದಿಂದ ತೆಗೀತಾರೆ.

ನೀನು ಹಾಗೆ ಹೇಳಿರಲಿಲ್ಲ. ಬಂದು ಸುಳ್ಳು ಹೇಳು ಅಂತ ನಾನು ಕೇಳಲ್ಲ. ಕೆಲಸ ಹೋದ್ರೆ ಹೋಗಲಿ. ನೀನು ಔಷಧಿ ತಪ್ಪಿಸಬೇಡ ಅಜ್ಜಿ. ರೂಮಲ್ಲಿ ಕೂತು ಗೋಡೆ ನೋಡ್ತಾ ಇದ್ದೀನಿ. ಏನಾದ್ರೂ ಬರಿ. ಬೈದಾದ್ರೂ ಬರಿ.

ಸೌಂದರ್ಯ


ಹಾರನಹಳ್ಳಿ
3 ಸೆಪ್ಟೆಂಬರ್ 2024

ಮಗ,

ಕಣ್ಣು ಒರೆಸ್ಕೊಂಡು ಓದು. ನಂಗೆ ಏನೂ ಆಗಿಲ್ಲ. ನನ್ನ ಎದೆಯೊಳಗೆ ಯಾವ ಗಂಟೂ ಇಲ್ಲ. ಇದ್ದ ಬದ್ದ ಹಾಲೆಲ್ಲ ನಿಮ್ಮಪ್ಪ ಕೂಸಾಗಿದ್ದಾಗ ಮೂರು ವರ್ಷ ಕುಡಿದು ಖಾಲಿ ಮಾಡವ್ನೆ.

ನಿಮ್ಮಾಸ್ಪತ್ರೆ ಹೊಸಿಲು ನಾನು ತುಳಿದೋಳೇ ಅಲ್ಲ. ಆಣೆ ಮಾಡಿ ಹೇಳ್ತೀನಿ. ಹಂಗಾದ್ರೆ ನನ್ನ ಹೆಸರು ಅಲ್ಲಿಗೆ ಹೆಂಗೆ ಹೋಯ್ತು ಅಂತೀಯ. ಅದನ್ನ ಮಾತ್ರ ಹೇಳಲಾರೆ. ಅದಕ್ಕೂ ಇನ್ನೊಂದು ಆಣೆ ಇದೆ, ದೀಪದ ಮೇಲೆ ಕೈ ಇಟ್ಟು ಮಾಡಿದ್ದು. ನನ್ನ ಹೆಸರು ಒಬ್ಬರು ಕೇಳಿದ್ರು, ಕೊಟ್ಟೆ. ಮೂಲೇಲಿ ಬಿದ್ದಿದ್ದ ಹೆಸರು, ಯಾರಿಗಾದ್ರೂ ಉಪಯೋಗ ಆಗ್ಲಿ ಅಂದ್ಕೊಂಡೆ. ನಿನ್ನ ಕಣ್ಣಿಗೇ ಬೀಳುತ್ತೆ ಅಂತ ನಮ್ಮಿಬ್ಬರ ಮಂಡೆಗೂ ಹೊಳೀಲಿಲ್ಲ.

ನಾನು ಬಂದು ನಿಮ್ಮ ಸಾರ್ ಎದುರಿಗೆ ನಿಂತರೆ, 'ಈ ಮುದುಕಿ ಅಲ್ಲ, ಔಷಧಿ ತಗೊಳ್ಳೋ ಸಾಕಮ್ಮ ಬೇರೆ' ಅಂತ ನರ್ಸು ಹೇಳ್ತಾಳೆ. ಆಗ ಅವರ ಗುಟ್ಟು ಬಯಲು. ಅದು ಬಯಲಾದ್ರೆ ಒಂದು ಮನೆಯ ಶುಭಕಾರ್ಯ ನಿಲ್ಲುತ್ತೆ. ಬರದೆ ಹೋದ್ರೆ ನಿನ್ನ ಕೆಲಸ ಹೋಗುತ್ತೆ. ಮುದ್ದೆ ತಿರುವೋವಾಗಲೂ ಇದೇ ಯೋಚನೆ. ನೆನ್ನೆ ತಳ ಹಿಡಿಸಿದೆ, ನಿಮ್ಮವ್ವ ಕೈ ಬೀಸಿ ಬೈದ್ಲು.

ಯಾರನ್ನ ಕೇಳ್ಲಿ? ಇಂಥದನ್ನ ನನ್ನ ಕಿವೀಲಿ ಪಿಸುಗುಟ್ಟೋಕೂ ಆಗಲ್ಲ.

ದಾರಿ ಕಾಣದ ನಿನ್ನಜ್ಜಿ,
ಸಾಕಮ್ಮ


ಹುಣಸೂರು
19 ಸೆಪ್ಟೆಂಬರ್ 2024

ಅಜ್ಜಿ,

ವಿಚಾರಣೆ ಮುಗೀತು. ಇದ್ದದ್ದು ಇದ್ದ ಹಾಗೆ ಬರೀತೀನಿ.

ಒಳಗೆ ಶಂಕರ್ ಸಾರ್, ಆಡಳಿತದ ಮೇಡಂ ಒಬ್ಬರು, ಕ್ಯಾನ್ಸರ್ ವಾರ್ಡಿನ ನರ್ಸು. ನಾನು ನಿಂತಿದ್ದೆ. 'ರೋಗಿ ಬಂದಿದ್ದಾರೆ' ಅಂದ್ರು. ಹೊರಗಡೆ ಜೋರಾಗಿ ಕೂಗಿದ್ರು, "ಸಾಕಮ್ಮ, ಹಾರನಹಳ್ಳಿ!" ಬಾಗಿಲು ತಳ್ಳಿಕೊಂಡು ಬಂದವರು ಬಸವಜ್ಜಿ.

ತಲೆ ತುಂಬ ಸೆರಗು. ಎಷ್ಟು ಇಳಿದು ಹೋಗಿದ್ದಾರೆ ಅಜ್ಜಿ! ನರ್ಸು ಎದ್ದು ಕುರ್ಚಿ ಕೊಟ್ಟು, "ಬನ್ನಿ ಸಾಕಮ್ಮೋರೇ" ಅಂದ್ರು.

ಶಂಕರ್ ಸಾರ್ ಕೇಳಿದ್ರು, "ಈ ಹುಡುಗಿ ನಿಮಗೇನಾಗಬೇಕು?"

"ಮೊಮ್ಮಗಳು ಕಣ್ ಸಾಮಿ. ನಾನೇ ಎತ್ತಿ ಆಡಿಸಿವ್ನಿ."

"ನಿಮ್ಮ ಫೈಲು ನೋಡು ಅಂತ ನೀವೇ ಹೇಳಿದ್ರಾ?"

"ಊಂ, ನಾನೇ ಯೋಳ್ದೆ. ನೀವು ಇಂಗ್ಲೀಸಲ್ಲಿ ಗೀಚ್ಬುಡ್ತೀರಿ. ಓದಾಕೆ ಬರ್ದೋಳು ಮೊಮ್ಮಗಳ್ನ ಕೇಳ್ದೆ ಬೀದೀಲಿ ಓಗೋರ್ನ ಕೇಳಾನಾ?"

ಮೇಡಂ ನಕ್ಕರು. ಬಸವಜ್ಜಿ ನನ್ನ ಕಡೆ ತಿರುಗಿ, "ಯಾಕವ್ವ ಇಂಗೆ ಸೊರಗಿದ್ದೀಯೆ, ಒತ್ತೊತ್ಗೆ ಉಣ್ಣಾಕಿಲ್ವಾ?" ಅಂದ್ರು. ಅದು ಸುಳ್ಳಲ್ಲ, ನಿಜವಾಗಿ ಕೇಳಿದ್ರು.

ಶಂಕರ್ ಸಾರ್ ಪೆನ್ನು ತೆಗೆದು ನನ್ನ ಕೇಳಿದ್ರು, "ಸೌಂದರ್ಯ, ಇವರೇ ತಾನೆ ನಿಮ್ಮ ಅಜ್ಜಿ, ಸಾಕಮ್ಮ?"

ನಾನು ಹೌದು ಸಾರ್ ಅಂದೆ.

ಅಷ್ಟೇ. ಎಚ್ಚರಿಕೆ ಅಂತ ಒಂದು ಹಾಳೆ ಕೊಟ್ಟು ಕಳಿಸಿದ್ರು. ಹೊರಗೆ ಬಂದ ಮೇಲೆ ಬಸವಜ್ಜಿ ಚಿನ್ನು ಮದುವೆ ವಿಷಯ ಹೇಳಿದ್ರು. ಚಿನ್ನು ಅಮ್ಮ ಹೋಗಿದ್ದೂ ಇದೇ ಕಾಯಿಲೇಲಿ ಅಂತ ಗಂಡಿನ ಕಡೆಯವರಿಗೆ ಗೊತ್ತಿಲ್ಲವಂತೆ, ಜ್ವರ ಅಂತ ಹೇಳಿದ್ದಾರಂತೆ. ಈಗ ಅವಳಜ್ಜಿಗೂ ಅದೇ ಅಂತ ಗೊತ್ತಾದ್ರೆ, 'ರಕ್ತದಲ್ಲೇ ಇದೆ' ಅಂತ ಎದ್ದು ಹೋಗ್ತಾರೆ ಅಂತ ಭಯ. ಮದುವೆ ಆದ ಮೇಲೆ ಡಾಕ್ಟರಿಗೆ ತಮ್ಮ ಹೆಸರು ಹೇಳಿ ಸರಿ ಮಾಡಿಸ್ತೀನಿ ಅಂತ ಮಾತು ಕೊಟ್ಟರು. ಅಲ್ಲೀವರೆಗೂ ನಿನಗೇನಾದ್ರೂ ಆದ್ರೆ ಈ ಆಸ್ಪತ್ರೆಗೆ ಮಾತ್ರ ಬರಬೇಡ. ನಿನ್ನ ಹೆಸರಲ್ಲಿ ಅವರ ರಕ್ತದ ಗುಂಪು ಇದೆ, ಅವರ ಔಷಧಿ ಇದೆ.

ಇವತ್ತು ರಾಜೀನಾಮೆ ಬರೆದು ಕೊಟ್ಟೆ. ಶಂಕರ್ ಸಾರ್‌ಗೆ ಅರ್ಥವಾಗಲಿಲ್ಲ. "ಬಿಟ್ಟಿದ್ದೀವಲ್ಲ, ಇನ್ನೇನು?" ಅಂದ್ರು. ಮನೆ ಕಡೆ ಕಷ್ಟ ಅಂದೆ. ನಾನು ಮಾಡಿದ ಮೊದಲನೇ ತಪ್ಪು ಕಂಪ್ಯೂಟರಲ್ಲಿ ಬರೆದಿದೆ, ಹೊತ್ತಿನ ಸಮೇತ. ಎರಡನೇದು, ಆ 'ಹೌದು ಸಾರ್', ಎಲ್ಲೂ ತಪ್ಪು ಅಂತ ಬರೆದಿಲ್ಲ. ತಪ್ಪು ಹೆಸರಿನ ಫೈಲು ಅಂತ ಗೊತ್ತಿದ್ದೂ ಆ ಕುರ್ಚೀಲಿ ಕೂತು ಇನ್ನೊಬ್ಬರ ತಪ್ಪು ಹಿಡಿಯೋಕೆ ನನ್ನಿಂದ ಆಗಲ್ಲ. ಹೇಳಿಬಿಡೋಕೂ ಆಗಲ್ಲ.

ಅಪ್ಪನಿಗೆ ಕಾರಣ ಹೇಳಿಲ್ಲ. ನೀನೂ ಹೇಳಬೇಡ.

ಸೌಂದರ್ಯ


ಹಾರನಹಳ್ಳಿ
28 ಸೆಪ್ಟೆಂಬರ್ 2024

ಮಗ,

ಈಗ ನಿಂಗೆ ಗೊತ್ತಾದ ಮೇಲೆ ಹೇಳ್ತೀನಿ. ಜುಲೈ ಕೊನೇಲಿ ಬಸವಮ್ಮ ನನ್ನ ಕೈ ಹಿಡಿದು ಹೊಲದ ನಡುಮಧ್ಯಕ್ಕೆ ಕರ್ಕೊಂಡು ಹೋದ್ಲು. ಸುತ್ತ ಒಂದು ನರಪಿಳ್ಳೆ ಇಲ್ಲ ಅಂತ ನೋಡ್ಕೊಂಡು, ನನ್ನ ಕಿವಿಗೆ ಬಾಯಿ ಹಾಕಿ, ತನ್ನ ಕಾಯಿಲೆ ಹೆಸರನ್ನ ಗಂಟಲು ಹರಿಯೋ ಹಂಗೆ ಕೂಗಿದ್ಲು. ನಾನು "ಏನೇ?" ಅಂದೆ. ಮತ್ತೆ ಕೂಗಿದ್ಲು. ಅಂಥ ಮಾತನ್ನ ಎರಡು ಸಲ ಕೂಗಿಸಿದೆನಲ್ಲೇ ನಾನು! ಆಮೇಲೆ ನನ್ನ ಹೆಸರು ಕೇಳಿದ್ಲು. ಮನೆಗೆ ಬಂದು ದೀಪ ಹಚ್ಚಿ ಆಣೆ ಹಾಕಿಸ್ಕೊಂಡ್ಲು.

ನಿನ್ನ ವಿಷ್ಯ ಬಂದಾಗ, ಆ ಹೊಲಕ್ಕೇ ಹೋಗಿ ಈ ಸಲ ನಾನು ಹೇಳಿದೆ. ಅವಳು ವಿಚಾರಣೆ ತಾರೀಖು ಕೇಳ್ಕೊಂಡ್ಲು. ವಿಚಾರಣೆ ದಿನ ಯಾರಿಗೂ ಹೇಳದೆ ಬಸ್ಸು ಹತ್ತವಳೆ. ತಲೆ ಕೂದಲು ಹೋಗಿದ್ದಕ್ಕೆ ಮಾದಪ್ಪನಿಗೆ ಮುಡಿ ಕೊಟ್ಟೆ ಅಂತ ಊರಿಗೆಲ್ಲ ಹೇಳವಳೆ. ಎಲ್ಲರೂ ನಂಬವ್ರೆ. ಮಾದಪ್ಪನಿಗೊಬ್ಬನಿಗೆ ಗೊತ್ತು.

ನೀನು ಕೆಲಸ ಬಿಟ್ಟಿದ್ದಕ್ಕೆ ನಿಮ್ಮಪ್ಪ ಅಂಗಳದಲ್ಲಿ ನಿಂತು ಕೋಪಕ್ಕೆ ಕುಣಿದ. ನಂಗೆ ಕೇಳಿಸದಿದ್ರೂ ಮುಖ ನೋಡಿದ್ರೆ ಗೊತ್ತಾಗುತ್ತೆ. ಓದಿಸಿದ್ದು, ಕಷ್ಟಪಟ್ಟಿದ್ದು, ಎಲ್ಲ ಹೇಳಿರ್ತಾನೆ. ನನ್ನ ಬಾಯಿಗೆ ಊರೇ ಹೆದರುತ್ತೆ. ಅವತ್ತು ಆ ಬಾಯಿ ಮುಚ್ಕೊಂಡು ಬೆಳ್ಳುಳ್ಳಿ ಬಿಡಿಸ್ತಾ ಕೂತಿದ್ದೆ.

ನೀನು ಊರಿಗೆ ಬಾ ಅಂತ ಕರೆಯೋ ಮುಖ ನಂಗಿಲ್ಲ. ಕಾಗದ ಬರಿ.

ಸಾಕಮ್ಮ


ಹಾರನಹಳ್ಳಿ
25 ಅಕ್ಟೋಬರ್ 2024

ಮಗ,

ನಿನ್ನಿಂದ ಕಾಗದ ಬರಲಿಲ್ಲ. ಎಚ್.ಡಿ. ಕೋಟೇಲಿ ಝೆರಾಕ್ಸ್ ಅಂಗಡಿಗೆ ಸೇರ್ಕೊಂಡಿದ್ದೀಯ ಅಂತ ನಿಮ್ಮವ್ವ ಕೈಸನ್ನೆ ಮಾಡಿ ಹೇಳಿದ್ಲು. ವಿಳಾಸ ಬರೆಸ್ಕೊಂಡೆ. ಅಲ್ಲಿ ಚಳಿ ಜಾಸ್ತಿ, ಕಿವಿ ಮುಚ್ಕೋ. ನನ್ನಂಗೆ ಆಗಬೇಡ.

ಅಜ್ಜಿ


ಹಾರನಹಳ್ಳಿ
2 ಡಿಸೆಂಬರ್ 2024

ಮಗ ಸೌಂದರ್ಯ,

ಚಿನ್ನು ಮದುವೆ ಆಯ್ತು. ಪಿರಿಯಾಪಟ್ಟಣದ ಛತ್ರದಲ್ಲಿ. ಹುಡುಗ ಮೆತ್ತಗವ್ನೆ. ಬಸವಮ್ಮ ಹೊಸ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಓಡಾಡಿದ್ಲು. ಎಲೆ ಮುಂದೆ ಕೂತಳೇ ಹೊರತು ಉಣ್ಣಲಿಲ್ಲ. ಅವಳ ಒಬ್ಬಟ್ಟು ನನ್ನ ಎಲೆಗೆ ದಾಟಿಸ್ಕೊಂಡು ನಾನೇ ತಿಂದೆ, ಯಾರೂ ಗಮನಿಸಬಾರದು ಅಂತ.

ಒಂದು ವಿಷ್ಯ ನಿಂಗೆ ಬೇರೆಯೋರ ಬಾಯಿಂದ ತಿಳಿಯೋಕೆ ಮುಂಚೆ ನಾನೇ ಬರೀತೀನಿ.

ಊಟ ಆದ ಮೇಲೆ ಎಲೆ ಅಡಿಕೆ ಹಾಕ್ಕೊಳ್ತಾ ಕೂತಿದ್ವಿ. ಎದುರಿಗೆ ಗಂಡಿನ ಅಜ್ಜಿ, ಚಿಕ್ಕಮ್ಮಂದಿರು, ಎಲ್ಲ. ರುದ್ರಸ್ವಾಮಿ ಬಂದು ನನ್ನ ಕಿವಿ ಹತ್ರ ಬಗ್ಗಿ ಅರಚಿದ, "ಏನಮ್ಮೋ, ಆಸ್ಪತ್ರೆ ಕಾಯ್ತಿದ್ದೋಳ್ನ ಓಡಿಸ್ಬುಟ್ರಂತೆ? ಏನ್ ಕದ್ಲಂತೆ?"

ಛತ್ರವೇ ತಿರುಗಿ ನೋಡ್ತು. ಗಂಡಿನ ಅಜ್ಜಿ, ಯಾವ ಆಸ್ಪತ್ರೆ, ಏನು ಕಥೆ ಅನ್ನೋ ಹಂಗೆ ಕೈ ತಿರುಗಿಸಿ ಪಕ್ಕದೋಳನ್ನ ಕೇಳೋಕೆ ಶುರು ಮಾಡಿದ್ಲು. ಬಸವಮ್ಮನ ಕೈ ಸುಣ್ಣದ ಡಬ್ಬಿ ಮೇಲೆ ನಿಂತೋಯ್ತು. ಅವಳ ತುಟಿ ಬಿಟ್ಕೊಂಡಿದ್ದು ಕಂಡೆ. ನಿನ್ನ ಪರವಾಗಿ ಮಾತಾಡಿಬಿಡ್ತಾಳೆ, ಅಲ್ಲೇ, ಅವರೆಲ್ಲರ ಮುಂದೆ, ಅಂತ ಗೊತ್ತಾಯ್ತು. ಅವಳು ಉಸಿರು ತಗೊಳ್ಳೋಷ್ಟರಲ್ಲಿ ನಾನೇ ಕೂಗಿದೆ.

"ಕದಿಯಾಕೂ ಬುದ್ಧಿ ಬೇಕು ಕಣ್ಲಾ. ಅವಳಿಗೆ ಕೆಲ್ಸ ಬರ್ತಿರ್ಲಿಲ್ಲ. ಸೋಮಾರಿ. ಅವ್ರು ಓಡಿಸಿದ್ದು ಸರಿಯಾಗೇ ಇದೆ."

ಎಲ್ಲರೂ ನಕ್ಕರು. ಗಂಡಿನ ಅಜ್ಜಿಯೂ ನಕ್ಕು ಮಾತು ಬೇರೆ ಕಡೆ ತಿರುಗ್ತು. ನಿಮ್ಮಪ್ಪ ಕಂಬದ ಹತ್ರ ನಿಂತಿದ್ದ. ನನ್ನನ್ನೇ ನೋಡ್ದ. ಒಳಗೊಳಗೇ ಅವನಿಗೆ ನಿನ್ನ ಮೇಲೆ ಒಂಚೂರು ನಂಬಿಕೆ ಉಳಿದಿತ್ತು ಅಂತ ಕಾಣುತ್ತೆ. ಅಜ್ಜಿಯೇ ಹಂಗಂದ ಮೇಲೆ ಅವನೂ ಬಿಟ್ಟ. ಮನೆಗೆ ಬಂದ ಮೇಲೆ ಕೋಪಾನೂ ಮಾಡ್ಲಿಲ್ಲ. ನಿನ್ನ ಹೆಸರೇ ಎತ್ತಲ್ಲ.

ಬಸವಮ್ಮ ಮಾತು ಉಳಿಸ್ಕೊಂಡ್ಲು. ಮದುವೆ ಕಳೆದು ಮೂರನೇ ದಿನಕ್ಕೇ ಡಾಕ್ಟ್ರ ಹತ್ರ ಹೋಗಿ ಫೈಲನ್ನ ತನ್ನ ಹೆಸರಿಗೆ ಮಾಡಿಸ್ಕೊಂಡು ಬಂದವಳೆ. ಬೈಸ್ಕೊಂಡೂ ಬಂದವಳೆ. ಚಿನ್ನುನೂ ಒಂದು ಸಲ ಪರೀಕ್ಷೆ ಮಾಡಿಸ್ಕೋಬೇಕು, ಅವಳಿಗೆ ಹೇಳಿ ಅಂದ್ರಂತೆ ಡಾಕ್ಟ್ರು. ಹೇಳ್ತೀನಿ ಅಂದವಳೆ, ಗಂಡನ ಮನೇಲಿ ಮೊದಲು ಕಾಲು ಊರಲಿ ಅಂತ ಕಾಯ್ತಾವಳೆ. ಅದಕ್ಕೇ ನನ್ನ ಬಾಯಿಗೆ ಇನ್ನೂ ಬಿಡುಗಡೆ ಇಲ್ಲ. ಈಗ ಅವಳು ನನ್ನ ಹತ್ರ ಜಾಸ್ತಿ ಬರಲ್ಲ. ನನ್ನ ಮುಖ ನೋಡಿದ್ರೆ ಅವಳಿಗೆ ನೀನು ನೆನಪಾಗ್ತೀಯ ಅಂತ ಕಾಣುತ್ತೆ.

ನೀನು ಸೋಮಾರಿ ಅಲ್ಲ ಅಂತ ಈ ಊರಲ್ಲಿ ಗೊತ್ತಿರೋರು ಇಬ್ಬರೇ ಮುದುಕಿಯರು. ಇಬ್ಬರೂ ಬಾಯಿ ಬಿಡೋ ಹಂಗಿಲ್ಲ.

ಬರೆಯೋಕೆ ನಿಂಗೆ ಮನಸ್ಸಿಲ್ಲದಿದ್ರೆ ಬರೀಬೇಡ, ನಾನು ಕೇಳಲ್ಲ. ನೀನು ಚೆನ್ನಾಗಿದ್ದೀಯ ಅಂತ ತಿಳಿಯೋಕೆ ಬರೀ ಕವರು ಕಳಿಸು. ಮೇಲೆ ವಿಳಾಸ ಬರೆದು, ಒಳಗೆ ಏನೂ ಹಾಕದೆ, ಅಂಟಿಸಿ ಕಳಿಸು. ಅಂಚೆ ಲಿಂಗಣ್ಣ ಹೆಂಗಾದ್ರೂ ನಮ್ಮ ಬಾಗಿಲಲ್ಲಿ ಗಾಡಿ ನಿಲ್ಲಿಸಬೇಕಾಗುತ್ತೆ.

ನಿನ್ನಜ್ಜಿ,
ಸಾಕಮ್ಮ